ಬೆಂಗಳೂರಿನ ಎಫ್‌ಎಂ ಕನ್ನಡ ಕಲಿತಿದ್ದು ಹೇಗೆ?

ನನ್ನ ವಯಸ್ಸಿನವರಿಗೆ ಬೆಂಗಳೂರಿನ ಎಫ್‌ಎಂ ಅಂದ್ರೆ ಕನ್ನಡವೇ. ಆಟೋದಲ್ಲಿ, ಬೇಕರಿಯಲ್ಲಿ, ಕಟಿಂಗ್ ಶಾಪಿನಲ್ಲಿ ಕನ್ನಡ ಹಾಡು, ನಡುನಡುವೆ ಕನ್ನಡದಲ್ಲೇ ಕಾಲೆಳೆಯೋ ಆರ್‌ಜೆ. ಇದು ಮೊದಲಿಂದಲೂ ಹೀಗೇ ಇತ್ತು ಅಂದುಕೊಂಡವರೇ ಹೆಚ್ಚು. ಆದರೆ ನಮಗಿಂತ ಹತ್ತು-ಹದಿನೈದು ವರ್ಷ ದೊಡ್ಡವರನ್ನ ಕೇಳಿ ನೋಡಿ. "ಅಯ್ಯೋ, ಆಗ ಖಾಸಗಿ ಎಫ್‌ಎಂನಲ್ಲಿ ಒಂದು ಕನ್ನಡ ಹಾಡು ಬರ್ಬೇಕು ಅಂದ್ರೆ ಕಾಯ್ಕೊಂಡು ಕೂತಿರ್ಬೇಕಿತ್ತು" ಅಂತಾರೆ.

ಹಾಗಾದ್ರೆ ಬದಲಾಗಿದ್ದು ಹೇಗೆ? ಕನ್ನಡಿಗರು ಜೋರಾಗಿ ಕೇಳಿದ್ದರಿಂದ ಅನ್ನೋದು ಒಂದು ಉತ್ತರ. ಅದು ನಿಜವೇ. ಬ್ಲಾಗುಗಳಲ್ಲಿ ಬರೆದವರು, ಸ್ಟೇಷನ್ನಿಗೆ ಫೋನ್ ಮಾಡಿ "ಕನ್ನಡ ಹಾಡು ಹಾಕಿ" ಅಂತ ಪಟ್ಟು ಹಿಡಿದವರು ಬೇಕಾದಷ್ಟು ಜನ ಇದ್ದರು. ಆದರೆ ಕೂಗು ಮೊದಲ ದಿನದಿಂದಲೇ ಇತ್ತು, ಬದಲಾವಣೆ ಬಂದಿದ್ದು ಮಾತ್ರ 2006ರ ನಂತರ. ಆ ನಡುವೆ ಆಗಿದ್ದೇನು ಅಂತ ಹುಡುಕ್ತಾ ಹೋದ್ರೆ ನಾವು ಬಂದು ನಿಲ್ಲೋದು ಜಾಹೀರಾತು ಮಾರೋ ಮೇಜಿನ ಮುಂದೆ.

ರೇಡಿಯೋ ಮಾರೋದು ಏನನ್ನ?

ಹಾಡನ್ನಂತೂ ಅಲ್ಲ. ಹಾಡು ನಮಗೆ ಪುಕ್ಕಟೆ. ಖಾಸಗಿ ರೇಡಿಯೋ ಮಾರೋದು ನಮ್ಮ ಕಿವಿಗಳನ್ನ, ಕೊಳ್ಳೋದು ಜಾಹೀರಾತುದಾರ. ನಮ್ಮಲ್ಲಿ ಈ ವ್ಯಾಪಾರದ ಅಳತೆ ಹತ್ತು ಸೆಕೆಂಡು. "ಹತ್ತು ಸೆಕೆಂಡಿಗೆ ಇಷ್ಟು" ಅಂತ ದರ. ಬೆಳಗ್ಗೆ ಆಫೀಸಿಗೆ ಹೋಗೋ ಹೊತ್ತು, ಸಂಜೆ ವಾಪಸ್ ಬರೋ ಹೊತ್ತು ದುಬಾರಿ, ಮಧ್ಯಾಹ್ನ ಅಗ್ಗ. ಈ ಸರಕಿಗೆ ಒಂದು ವಿಚಿತ್ರ ಗುಣ ಇದೆ. ಮಾರಾಟವಾಗದ ತರಕಾರಿ ಸಂಜೆ ಅರ್ಧ ಬೆಲೆಗಾದ್ರೂ ಹೋಗುತ್ತೆ. ಮಾರಾಟವಾಗದ ಹತ್ತು ಸೆಕೆಂಡು ಹೋದ್ರೆ ಹೋಯ್ತು, ಗೋಡೌನಿನಲ್ಲಿ ಇಡೋಕಾಗಲ್ಲ.

ಕಿವಿ ಎಲ್ಲಿ ಹೋಗುತ್ತೋ ಜಾಹೀರಾತಿನ ದುಡ್ಡೂ ಅಲ್ಲಿಗೇ ಹೋಗುತ್ತೆ ಅನ್ನೋ ಪಾಠ ನಮ್ಮ ದೇಶಕ್ಕೆ ಹೊಸದೇನಲ್ಲ. 1952ರಲ್ಲಿ ಕೇಂದ್ರದಲ್ಲಿ ವಾರ್ತಾ ಮಂತ್ರಿಯಾಗಿ ಬಂದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದ್ರೆ ಆಗ್ತಿರಲಿಲ್ಲ. ಆಕಾಶವಾಣಿಯಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಮಾಯವಾಯ್ತು. ಜನ ಏನು ಮಾಡಿದ್ರು? ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದ್ರು. ಅದೇ ವರ್ಷ ಶುರುವಾದ, ಅಮೀನ್ ಸಯಾನಿ ನಡೆಸಿಕೊಟ್ಟ 'ಬಿನಾಕಾ ಗೀತಮಾಲಾ' ಮನೆಮಾತಾಯ್ತು. ಹೆಸರು ನೋಡಿ, ಕಾರ್ಯಕ್ರಮದ ತಲೆಬರಹದಲ್ಲೇ ಟೂತ್‌ಪೇಸ್ಟ್ ಕೂತಿದೆ! ಕೇಳುಗರು ಭಾರತದವರು, ಸ್ಟೇಷನ್ನು ಕೊಲಂಬೋದಲ್ಲಿ. ಕೊನೆಗೆ 1957ರಲ್ಲಿ ವಿವಿಧ ಭಾರತಿ ಹುಟ್ಟಿತು, 1967ರಲ್ಲಿ ಅದರಲ್ಲಿ ಜಾಹೀರಾತೂ ಬಂತು. ಪಕ್ಕದ ಅಂಗಡಿಗೆ ಗಿರಾಕಿ ಹೋದ ಮೇಲೆ ನಮ್ಮ ಅಂಗಡಿಯ ಸಾಮಾನು ಬದಲಾಯಿತು, ಅಷ್ಟೇ.

ಒಂದೇ ಅಂಗಡಿಯ ಕಾಲ

1995ರಲ್ಲಿ ಸುಪ್ರೀಂ ಕೋರ್ಟ್ ಗಾಳಿಯಲೆಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಏಕಸ್ವಾಮ್ಯ ಅಲ್ಲ ಅಂತ ಹೇಳಿತು. ಅದಾಗಿ ಕೆಲವು ವರ್ಷಕ್ಕೆ ಸರ್ಕಾರ 40 ಊರುಗಳ 108 ಎಫ್‌ಎಂ ತರಂಗಾಂತರಗಳನ್ನ ಹರಾಜಿಗಿಟ್ಟಿತು. ಕಂಪನಿಗಳು ಹುರುಪಿನಲ್ಲಿ ಕೂಗಿದ್ದೇ ಕೂಗಿದ್ದು. ಆಮೇಲೆ ಲೆಕ್ಕ ಹಾಕಿ ನೋಡಿದ್ರೆ ಲೈಸೆನ್ಸ್ ಶುಲ್ಕ ಕಟ್ಟೋದೇ ಕಷ್ಟ. ಅದೂ ವರ್ಷ ವರ್ಷ ಶೇ. 15ರಷ್ಟು ಏರೋ ಶುಲ್ಕ, ಆದಾಯ ಬರಲಿ ಬಿಡಲಿ. ಬಹಳ ಜನ ಹಿಂದೆ ಸರಿದರು. ಕೊನೆಗೆ ದೇಶದಲ್ಲಿ ನಿಂತಿದ್ದು ಇಪ್ಪತ್ತು ಚಿಲ್ಲರೆ ಸ್ಟೇಷನ್ನುಗಳು ಮಾತ್ರ.

ಅವುಗಳಲ್ಲಿ ಮೊದಲನೆಯದು ನಮ್ಮ ಬೆಂಗಳೂರಿನದೇ. 2001ರ ಜುಲೈ 3ರಂದು ರೇಡಿಯೋ ಸಿಟಿ ಶುರುವಾಯಿತು. ಅಲ್ಲಿಂದ 2006ರವರೆಗೆ, ಅಂದ್ರೆ ಹತ್ತಿರ ಹತ್ತಿರ ಐದು ವರ್ಷ, ಬೆಂಗಳೂರಿನಲ್ಲಿ ಅದೊಂದೇ ಖಾಸಗಿ ಎಫ್‌ಎಂ. ಒಂದಷ್ಟು ಹಿಂದಿ, ಒಂದಷ್ಟು ಇಂಗ್ಲಿಷ್, ಜೊತೆಗೆ ಒಂಚೂರು ಕನ್ನಡ. ಊಟಕ್ಕಲ್ಲ, ಉಪ್ಪಿನಕಾಯಿಗೆ.

ಇದಕ್ಕೆ ಆಗ ಕೇಳಿಬರುತ್ತಿದ್ದ ವಾದ ಗೊತ್ತೇ ಇದೆ: ಬೆಂಗಳೂರು ಕಾಸ್ಮೋಪಾಲಿಟನ್ ಊರು, ದುಡ್ಡು ಖರ್ಚು ಮಾಡೋ ಜನ ಹಿಂದಿ-ಇಂಗ್ಲಿಷ್ ಕೇಳ್ತಾರೆ, ಜಾಹೀರಾತುದಾರರಿಗೆ ಬೇಕಿರೋದು ಅವರೇ. ದ್ವೇಷದಿಂದ ಹೇಳಿದ ಮಾತು ಅಂತ ನಾನು ಅಂದುಕೊಳ್ಳಲ್ಲ. ಇದು ಒಂದು ಊಹೆ, ಆ ಊಹೆಯನ್ನ ಪರೀಕ್ಷೆ ಮಾಡೋ ಅಗತ್ಯ ಯಾರಿಗೂ ಇರಲಿಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಟೆಸ್ಟ್ ಮಾಡದೇ ಬಿಟ್ಟ ಡಿಫಾಲ್ಟ್ ಸೆಟ್ಟಿಂಗ್ ಇದ್ದ ಹಾಗೆ. ಆಗ ಜಾಹೀರಾತಿನ ದೊಡ್ಡ ದುಡ್ಡು ಬರ್ತಿದ್ದುದು ರಾಷ್ಟ್ರಮಟ್ಟದ ಬ್ರಾಂಡುಗಳಿಂದ, ಅದನ್ನ ಹಂಚೋ ಏಜೆನ್ಸಿಗಳ ದೊಡ್ಡ ಆಫೀಸುಗಳು ಮುಂಬೈ, ದೆಹಲಿಯಲ್ಲಿ. ಅಲ್ಲಿ ಕೂತವರ ಕಣ್ಣಿಗೆ ಕಾಣೋ ಬೆಂಗಳೂರು ಎಂ.ಜಿ. ರೋಡು ಮತ್ತು ಐಟಿ ಪಾರ್ಕು. ರಾಜಾಜಿನಗರ, ಹನುಮಂತನಗರ ಅವರ ನಕ್ಷೆಯಲ್ಲಿ ಇರಲೇ ಇಲ್ಲ.

ಆಕಾಶವಾಣಿ ಇರಲಿಲ್ವಾ ಅಂತ ನೀವು ಕೇಳಬಹುದು. ಇತ್ತು. ವಿವಿಧ ಭಾರತಿ 102.9, ಕಾಮನಬಿಲ್ಲು 101.3 ಎರಡರಲ್ಲೂ ಕನ್ನಡ ಹಾಡು ಬರ್ತಿತ್ತು, ಜನ ಕೇಳ್ತಾನೂ ಇದ್ರು. ಆದರೆ ಆಕಾಶವಾಣಿಯ ಸಂಬಳ ಜಾಹೀರಾತನ್ನೇ ನಂಬಿಕೊಂಡಿರಲಿಲ್ಲ. "ನಮ್ಮ ಹತ್ರ ಇಷ್ಟು ಕನ್ನಡ ಕೇಳುಗರಿದ್ದಾರೆ" ಅಂತ ಏಜೆನ್ಸಿಯ ಬಾಗಿಲು ಬಡಿಯೋ ಅವಸರ ಅದಕ್ಕೆ ಇರಲಿಲ್ಲ. ಕೇಳುಗರಿದ್ದರು, ಅವರನ್ನ ಮಾರೋರು ಇರಲಿಲ್ಲ!

ಬೀದಿ ತುಂಬಾ ಅಂಗಡಿ

2005ರಲ್ಲಿ ಸರ್ಕಾರ ನಿಯಮ ಬದಲಾಯಿಸಿತು. ಏರುತ್ತಲೇ ಹೋಗೋ ಶುಲ್ಕದ ಬದಲು ಒಂದು ಸಲ ಪ್ರವೇಶ ಶುಲ್ಕ, ಆಮೇಲೆ ವರ್ಷದ ಆದಾಯದಲ್ಲಿ ಶೇ. 4. ವ್ಯಾಪಾರ ಆದ್ರೆ ಕೊಡು, ಇಲ್ಲದಿದ್ರೆ ಕಡಿಮೆ ಕೊಡು. ಈ ಸಲ 91 ಊರುಗಳ 338 ತರಂಗಾಂತರಗಳು ಹರಾಜಿಗೆ ಬಂದವು. 2006ರಿಂದ ಒಂದೊಂದಾಗಿ ರೇಡಿಯೋ ಮಿರ್ಚಿ, ಬಿಗ್ ಎಫ್‌ಎಂ, ಎಸ್ ಎಫ್‌ಎಂ, ರೇಡಿಯೋ ಒನ್, ಫೀವರ್, ಇಂಡಿಗೋ ಬೆಂಗಳೂರಿಗೆ ಬಂದವು.

ಈಗ ಲೆಕ್ಕ ಹಾಕಿ. ಮೊನ್ನೆಯವರೆಗೆ ಒಬ್ಬನೇ ಮಾರುತ್ತಿದ್ದ ಹತ್ತು ಸೆಕೆಂಡನ್ನ ಈಗ ಆರೇಳು ಜನ ಮಾರಬೇಕು. ಏಜೆನ್ಸಿಯವನು ಒಬ್ಬರ ದರ ಇನ್ನೊಬ್ಬರಿಗೆ ತೋರಿಸಿ ಚೌಕಾಸಿ ಮಾಡ್ತಾನೆ. ರಾಷ್ಟ್ರಮಟ್ಟದ ಬ್ರಾಂಡುಗಳ ದುಡ್ಡು ಎಲ್ಲರಿಗೂ ಸಾಲಲ್ಲ. ಆಗ ಸೇಲ್ಸ್ ಹುಡುಗರು ಬ್ಯಾಗು ಹೆಗಲಿಗೇರಿಸಿಕೊಂಡು ಊರೊಳಗೆ ಇಳೀಬೇಕು. ಚಿಕ್ಕಪೇಟೆಯ ಸೀರೆ ಅಂಗಡಿ, ಬಡಾವಣೆಯ ಸೈಟು ಮಾರೋರು, ಚಿನ್ನದ ಅಂಗಡಿ, ಟ್ಯುಟೋರಿಯಲ್, ಈ ವಾರ ಬಿಡುಗಡೆಯಾಗೋ ಕನ್ನಡ ಸಿನಿಮಾದ ನಿರ್ಮಾಪಕ. ಸೀರೆ ಅಂಗಡಿ ಮಾಲೀಕರಿಗೆ ಪವರ್‌ಪಾಯಿಂಟ್ ತೋರಿಸೋ ಹಾಗಿಲ್ಲ. ತನ್ನ ಗಿರಾಕಿ ಯಾವ ಭಾಷೆ ಮಾತಾಡ್ತಾಳೆ ಅಂತ ಅವರಿಗೆ ಚೆನ್ನಾಗಿ ಗೊತ್ತು. "ನಿಮ್ ಸ್ಟೇಷನ್ನು ನಮ್ ಅಂಗಡಿ ಹುಡುಗ್ರೇ ಕೇಳಲ್ವಲ್ಲ ಸಾರ್" ಅಂದ್ರೆ ಮುಗೀತು ಕತೆ.

ಎರಡನೇದು ಎಣಿಕೆ. ಟ್ಯಾಮ್ ಸಂಸ್ಥೆ 2007ರಲ್ಲಿ ಮುಂಬೈ, ದೆಹಲಿ, ಬೆಂಗಳೂರುಗಳಲ್ಲಿ 'ರ‍್ಯಾಮ್' ಅನ್ನೋ ರೇಡಿಯೋ ಕೇಳುಗರ ಅಳತೆ ಶುರು ಮಾಡಿತು. ಆಯ್ದ ಕೆಲವು ನೂರು ಜನರ ಕೈಗೆ ಒಂದು ಡೈರಿ, ಯಾವ ಹೊತ್ತಿಗೆ ಯಾವ ಸ್ಟೇಷನ್ ಕೇಳಿದಿರಿ ಅಂತ ಅದರಲ್ಲಿ ಬರೀಬೇಕು. ಲೋಪ ಹುಡುಕಿದ್ರೆ ಬೇಕಾದಷ್ಟು ಸಿಗುತ್ತೆ. ಜನ ನೆನಪಿನಿಂದ ಬರೀತಾರೆ, ಹೆಸರು ಗೊತ್ತಿರೋ ಸ್ಟೇಷನ್ನಿಗೇ ಗುರುತು ಹಾಕ್ತಾರೆ. ಆದರೂ ಮುಂಬೈಯ ಮೇಜಿನ ಮೇಲೆ ಊಹೆಯ ಜಾಗದಲ್ಲಿ ಪ್ರತಿ ವಾರ ಒಂದು ಅಂಕಿ ಬಂದು ಕೂತಿತು. ಕನ್ನಡ ಹಾಡು ಹಾಕೋ ಸ್ಟೇಷನ್ನುಗಳು ಮೇಲಿನ ಸಾಲಿನಲ್ಲಿ ಕಾಣತೊಡಗಿದವು.

ಮೂರನೇದು ಅದೃಷ್ಟ. ಇದೇ ಹೊತ್ತಿಗೆ, 2006ರ ಕೊನೆಯಲ್ಲಿ 'ಮುಂಗಾರು ಮಳೆ' ಬಂತು. ಮನೋಮೂರ್ತಿಯವರ ಸಂಗೀತ, ಜಯಂತ ಕಾಯ್ಕಿಣಿ ಮೊದಲಾದವರ ಹಾಡುಗಳು. "ಹಾಕೋಣ ಅಂದ್ರೆ ಕನ್ನಡದಲ್ಲಿ ಒಳ್ಳೇ ಹೊಸ ಹಾಡೇ ಇಲ್ಲ" ಅನ್ನೋ ನೆಪ ಆ ವರ್ಷಕ್ಕೇ ಹಳೇದಾಯ್ತು.

ಕೆಲವೇ ವರ್ಷಗಳಲ್ಲಿ ಮಿರ್ಚಿ, ಬಿಗ್, ಎಸ್ ಎಫ್‌ಎಂ ಕನ್ನಡದ ಸ್ಟೇಷನ್ನುಗಳು ಅಂತಲೇ ಗುರುತಾದವು. ಮೊದಲು ಬಂದ ರೇಡಿಯೋ ಸಿಟಿಯೂ ಕನ್ನಡಕ್ಕೆ ತಿರುಗಿತು. 'ಸಖತ್ ಹಾಟ್ ಮಗಾ' ಅನ್ನೋದು ಊರಿನ ಮಾತಾಯ್ತು.

ಆದರೆ ಎಲ್ಲರೂ ಒಂದೇ ಹಾಡು ಹಾಕೋದ್ಯಾಕೆ?

ಇಲ್ಲಿಗೆ ಕತೆ ಮುಗಿಸಿ "ಪೈಪೋಟಿಗೆ ಜೈ" ಅಂದುಬಿಡಬಹುದಿತ್ತು. ಆದರೆ ನಾಲ್ಕು ಸ್ಟೇಷನ್ ತಿರುಗಿಸಿದ್ರೆ ನಾಲ್ಕರಲ್ಲೂ ಅದೇ ಹೊಸ ಹಾಡು ಬರೋದನ್ನ ನೀವೂ ಕೇಳಿರ್ತೀರಿ.

ಇದಕ್ಕೆ 1952ರಲ್ಲೇ ಪೀಟರ್ ಸ್ಟೈನರ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ ಉತ್ತರ ಕೊಟ್ಟಿದ್ದಾನೆ. ಅವನ ವಾದವನ್ನ ನಮ್ಮೂರಿಗೆ ಹೊಂದಿಸಿ, ನನ್ನದೇ ಕಾಲ್ಪನಿಕ ಅಂಕಿ ಹಾಕಿ ಹೇಳ್ತೀನಿ. ಒಂದು ಸಾವಿರ ಕೇಳುಗರು ಅಂದುಕೊಳ್ಳಿ. 600 ಜನಕ್ಕೆ ಕನ್ನಡ ಸಿನಿಮಾ ಹಾಡು, 250 ಜನಕ್ಕೆ ಹಿಂದಿ, 150 ಜನಕ್ಕೆ ಬೇರೆ ಏನೋ ಬೇಕು. ಭಾವಗೀತೆ, ಜನಪದ, ಇಂಗ್ಲಿಷ್, ಏನಾದ್ರೂ ಇರಲಿ. ಮೊದಲ ಸ್ಟೇಷನ್ ಕನ್ನಡ ಹಾಕುತ್ತೆ. ಎರಡನೆಯದು ಹಿಂದಿ ಹಾಕಿದ್ರೆ 250, ಕನ್ನಡವನ್ನೇ ಹಾಕಿ ಪಾಲು ಹಂಚಿಕೊಂಡ್ರೆ 300. ಅದೂ ಕನ್ನಡ! ಮೂರನೆಯದಕ್ಕೆ ಕನ್ನಡದಲ್ಲಿ ಸಿಗೋದು 200, ಹಾಗಾಗಿ ಹಿಂದಿ. ನಾಲ್ಕನೆಯದು ಮತ್ತೆ ಕನ್ನಡಕ್ಕೇ ಬರುತ್ತೆ, ಯಾಕಂದ್ರೆ 200 ಅನ್ನೋದು 150ಕ್ಕಿಂತ ದೊಡ್ಡದು. ಆ 150 ಜನ ಐದನೇ ಸ್ಟೇಷನ್ನಿನವರೆಗೂ ಕಾಯ್ತಾ ಕೂತಿರಬೇಕು.

ಅದೇ ಐದೂ ಸ್ಟೇಷನ್ ಒಬ್ಬನ ಕೈಯಲ್ಲೇ ಇದ್ದಿದ್ರೆ? ತನ್ನ ಗಿರಾಕಿಯನ್ನ ತಾನೇ ಕದ್ದು ಏನು ಪ್ರಯೋಜನ? ಅವನು ಬೇರೆ ಬೇರೆ ರುಚಿಯ ಸ್ಟೇಷನ್ ನಡೆಸ್ತಾನೆ. ಇದು ಬರೀ ಪುಸ್ತಕದ ಮಾತಲ್ಲ. 2011ರ ನೀತಿ ದೊಡ್ಡ ಊರುಗಳಲ್ಲಿ ಒಬ್ಬರಿಗೇ ಒಂದಕ್ಕಿಂತ ಹೆಚ್ಚು ತರಂಗಾಂತರ ಇಟ್ಟುಕೊಳ್ಳೋಕೆ ಬಿಟ್ಟಿತು. 2015ರ ಹರಾಜಿನಲ್ಲಿ ಮಿರ್ಚಿಯವರು ಬೆಂಗಳೂರಿನಲ್ಲಿ ಎರಡನೆಯದನ್ನ ಕೊಂಡರು. ಅದರಲ್ಲಿ ಇನ್ನೊಂದು ಕನ್ನಡ ಸ್ಟೇಷನ್ ಮಾಡಿದ್ರಾ? ಇಲ್ಲ, ಮಿರ್ಚಿ 95 ಅಂತ ಹಿಂದಿ ಸ್ಟೇಷನ್ ಮಾಡಿದರು. ಸ್ಟೈನರ್ ಹೇಳಿದ ಹಾಗೇ!

ಹಾಗಾದ್ರೆ 2001ರಲ್ಲೇ ಮೊದಲ ಸ್ಟೇಷನ್ ಕನ್ನಡ ಹಾಕಬೇಕಿತ್ತಲ್ಲ ಅಂತೀರಾ? ಸರಿಯಾದ ಪ್ರಶ್ನೆ. ಸ್ಟೈನರ್‌ನ ಲೆಕ್ಕದಲ್ಲಿ ಎಲ್ಲರ ಕಿವಿಗೂ ಒಂದೇ ಬೆಲೆ. ಬೆಂಗಳೂರಿನಲ್ಲಿ ಎಣಿಕೆ ಸರಿಯಾಗಿ ಇಲ್ಲದಾಗ ಕನ್ನಡದ ಕಿವಿಗೆ ಊಹೆಯ ಮೇಲೆ ಕಡಿಮೆ ಬೆಲೆ ಕಟ್ಟಿದ್ದರು. ಬೇರೆ ಖಾಸಗಿ ಸ್ಟೇಷನ್ ಇಲ್ಲದ್ದರಿಂದ ಆ ತಪ್ಪು ಬೆಲೆಗೆ ಯಾರೂ ದಂಡ ತೆರಬೇಕಾಗಿರಲಿಲ್ಲ. ಪೈಪೋಟಿ ಮಾಡಿದ ದೊಡ್ಡ ಉಪಕಾರ ಇದು: ತಪ್ಪು ಬೆಲೆಯನ್ನ ಸರಿ ಮಾಡಿತು. ಅದು ಮಾಡಲಾಗದ ಕೆಲಸವೂ ಇದೆ: ಆ 150 ಜನರನ್ನ ಅದು ತಾನಾಗಿ ಹುಡುಕಿಕೊಂಡು ಹೋಗಲ್ಲ.

ಆ 150 ಜನರಿಗೆ ಹಾಡಿದವರು ಯಾರು ನೋಡಿ. ಶಾಸ್ತ್ರೀಯ ಸಂಗೀತಕ್ಕೆ ಅಂತಲೇ 'ಅಮೃತವರ್ಷಿಣಿ' ಶುರು ಮಾಡಿದ್ದು ಆಕಾಶವಾಣಿ. ತಿಂಗಳ ಚಂದಾ ಕಟ್ಟಿಸಿಕೊಂಡು, ಬೆಂಗಳೂರಿನಿಂದಲೇ ವ್ಯವಹಾರ ನಡೆಸಿ, 'ಸ್ಪರ್ಶ' ಅನ್ನೋ ಕನ್ನಡ ಚಾನೆಲ್ಲನ್ನೂ ಕೊಟ್ಟಿದ್ದು ವರ್ಲ್ಡ್‌ಸ್ಪೇಸ್ ಉಪಗ್ರಹ ರೇಡಿಯೋ. ಅದು 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಬಾಗಿಲು ಹಾಕಿತು. ಅಂದ್ರೆ ಜಾಹೀರಾತನ್ನ ನಂಬದ ಎರಡು ದಾರಿಗಳು, ತೆರಿಗೆಯ ದುಡ್ಡು ಮತ್ತು ಕೇಳುಗನ ದುಡ್ಡು. ಒಂದು ಉಳೀತು, ಒಂದು ಹೋಯ್ತು.

ಮುಂದಿನ ಹರಾಜು

ಇದನ್ನೆಲ್ಲ ಈಗ ಯಾಕೆ ಬರೀತಿದೀನಿ ಅಂದ್ರೆ, 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇನ್ನೂ 234 ಊರುಗಳ 730 ತರಂಗಾಂತರಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮ ಬರಲಿ ಅನ್ನೋದೂ ಕೊಟ್ಟ ಕಾರಣಗಳಲ್ಲಿ ಒಂದು. ಪಟ್ಟಿಯಲ್ಲಿ ನಮ್ಮ ರಾಜ್ಯದ ಊರುಗಳೂ ಇವೆ.

ಅಲ್ಲಿ ಕನ್ನಡ ಬರುತ್ತಾ ಅನ್ನೋ ಚಿಂತೆ ನನಗಿಲ್ಲ. ಬೆಂಗಳೂರಿನಲ್ಲೇ ಬಂದ ಮೇಲೆ ಅಲ್ಲಿ ಬರದೇ ಇರುತ್ತಾ? ನನ್ನ ಚಿಂತೆ ಬೇರೆ. ಒಂದು ಊರಿಗೆ ಮೂರು ಸ್ಟೇಷನ್ ಬಂದು, ಮೂರೂ ಬೆಂಗಳೂರಿನಲ್ಲಿ ಮಾಡಿಟ್ಟ ಅದೇ ಹಾಡಿನ ಪಟ್ಟಿಯನ್ನ ಹಾಕ್ತಾ, ಆ ಊರಿನ ಮಾತಿನ ಧಾಟಿ, ಆ ಊರಿನ ಲಾವಣಿ, ಗೀಗೀಪದ, ಮಾರ್ಕೆಟ್ಟಿನ ಸುದ್ದಿ ಯಾವುದೂ ಬರದೇ ಹೋದ್ರೆ? ಸ್ಟೈನರ್‌ನ ಲೆಕ್ಕ ಹೇಳೋದು ಅದನ್ನೇ. ಅದನ್ನ ತಪ್ಪಿಸೋ ಶಕ್ತಿ ಇರೋದು ಆ ಊರಿನ ಸೀರೆ ಅಂಗಡಿ ಮಾಲೀಕರಿಗೆ. ಹತ್ತು ಸೆಕೆಂಡಿಗೆ ದುಡ್ಡು ಕೊಡೋವಾಗ "ನಮ್ಮೂರಿನದು ಏನು ಹಾಕ್ತೀರಿ?" ಅಂತ ಅವರು ಒಂದು ಮಾತು ಕೇಳಿದ್ರೆ ಸಾಕು, ಬೇಗ ಉತ್ತರ ಸಿಗುತ್ತೆ.

ನೀವೇನಂತೀರಿ?