ನಿಸ್ತಂತು ಸಂಪರ್ಕದಲ್ಲಿ ಬಳಕೆದಾರರ ಸಂಕೇತಗಳ ಬೇರ್ಪಡಿಕೆ: ಸಾರ್ವಜನಿಕರಿಗೆ ಮಾಹಿತಿ

ಮೊಬೈಲ್ ದೂರವಾಣಿ, ಪೊಲೀಸ್ ವೈರ್‌ಲೆಸ್, ಹವ್ಯಾಸಿ ರೇಡಿಯೋ ಮೊದಲಾದ ಸೇವೆಗಳೆಲ್ಲವೂ ರೇಡಿಯೋ ತರಂಗಗಳನ್ನೇ ಅವಲಂಬಿಸಿವೆ. ಒಂದೇ ಪ್ರದೇಶದಲ್ಲಿ ಅನೇಕರು ಏಕಕಾಲದಲ್ಲಿ ಮಾತನಾಡುವಾಗ ಅವರ ಸಂಕೇತಗಳು ಪರಸ್ಪರ ಬೆರೆಯದಂತೆ ಬೇರ್ಪಡಿಸುವುದು ಅವಶ್ಯಕ. ಇದಕ್ಕಾಗಿ ಅನುಸರಿಸಲಾಗುವ ಪ್ರಮುಖ ವಿಧಾನಗಳು ಕೆಳಕಂಡಂತಿವೆ.

1. ಆವರ್ತನ ವಿಭಜನೆ: ಪ್ರತಿಯೊಬ್ಬ ಬಳಕೆದಾರರಿಗೂ ಪ್ರತ್ಯೇಕ ಆವರ್ತನವನ್ನು ನೀಡಲಾಗುತ್ತದೆ. ಆಕಾಶವಾಣಿ ಕೇಂದ್ರಗಳು ಬೇರೆ ಬೇರೆ ಆವರ್ತನಗಳಲ್ಲಿ ಪ್ರಸಾರ ಮಾಡುವುದೂ ಇದೇ ತತ್ತ್ವದಂತೆ.

2. ಕಾಲ ವಿಭಜನೆ: ಒಂದೇ ಆವರ್ತನವನ್ನು ಹಲವರು ಸರದಿಯಂತೆ ಬಳಸುತ್ತಾರೆ. ಜಿಎಸ್‌ಎಂ ಪದ್ಧತಿಯಲ್ಲಿ 200 ಕಿಲೋಹರ್ಟ್ಸ್ ಅಗಲದ ಪ್ರತಿ ವಾಹಕವನ್ನು 8 ಕಾಲಾವಧಿಗಳಾಗಿ ವಿಂಗಡಿಸಲಾಗಿದೆ. ಸರದಿಯು ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಬಾರಿ ಬರುವುದರಿಂದ ಮಾತು ತುಂಡಾದಂತೆ ಕೇಳಿಸುವುದಿಲ್ಲ.

3. ಸಂಕೇತಾವಳಿ ವಿಭಜನೆ (ಸಿಡಿಎಂಎ): ಎಲ್ಲರೂ ಒಂದೇ ಆವರ್ತನವನ್ನು ಒಂದೇ ಕಾಲದಲ್ಲಿ ಬಳಸುತ್ತಾರೆ, ಆದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಸಂಕೇತಾವಳಿ ಇರುತ್ತದೆ. ಗ್ರಾಹಕ ಯಂತ್ರವು ತನಗೆ ಬೇಕಾದ ಸಂಕೇತಾವಳಿಯನ್ನು ಮಾತ್ರ ಗುರುತಿಸುತ್ತದೆ. ಉಳಿದವು ಅದಕ್ಕೆ ಗದ್ದಲವಾಗಿ ತೋರುತ್ತವೆ. ಗೋಪುರದ ಸಮೀಪದ ಫೋನು ದೂರದ ಫೋನಿನ ದನಿಯನ್ನು ಅಡಗಿಸದಂತೆ, ಆರಂಭಿಕ ಸಿಡಿಎಂಎ ಪದ್ಧತಿಯಲ್ಲಿ ಗೋಪುರವು ಸೆಕೆಂಡಿಗೆ 800 ಬಾರಿ ಫೋನಿನ ಶಕ್ತಿಯನ್ನು ಹೆಚ್ಚಿಸಲು ಅಥವಾ ತಗ್ಗಿಸಲು ಸೂಚಿಸುತ್ತಿತ್ತು.

4. ಉಪವಾಹಕ ವಿಭಜನೆ: 4ಜಿ ಪದ್ಧತಿಯಲ್ಲಿ ಆವರ್ತನ ಪಟ್ಟಿಯನ್ನು 15 ಕಿಲೋಹರ್ಟ್ಸ್ ಅಂತರದ ಉಪವಾಹಕಗಳಾಗಿ ವಿಂಗಡಿಸಿ, ಅವುಗಳ ಗುಂಪುಗಳನ್ನು ಅಗತ್ಯಕ್ಕನುಗುಣವಾಗಿ ಹಂಚಲಾಗುತ್ತದೆ. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ 5ಜಿ ಸೇವೆಯಲ್ಲಿ ಇದರೊಂದಿಗೆ ಅನೇಕ ಆಂಟೆನಾಗಳ ನೆರವಿನಿಂದ ದಿಕ್ಕಿಗನುಗುಣವಾಗಿಯೂ ಬಳಕೆದಾರರನ್ನು ಬೇರ್ಪಡಿಸಲಾಗುತ್ತದೆ.

ಅನಧಿಕೃತ ಬೂಸ್ಟರ್‌ಗಳಿಂದಾಗುವ ತೊಂದರೆ

ಪ್ರತಿಯೊಂದು ಸಾಧನವೂ ನಿಗದಿತ ಆವರ್ತನ, ಕಾಲ ಹಾಗೂ ಶಕ್ತಿಯ ಮಿತಿಯಲ್ಲಿದ್ದರೆ ಮಾತ್ರ ಮೇಲ್ಕಂಡ ವಿಧಾನಗಳು ಫಲಕಾರಿಯಾಗುತ್ತವೆ. ಅನಧಿಕೃತ ಸಿಗ್ನಲ್ ಬೂಸ್ಟರ್ ಗದ್ದಲವನ್ನೂ ವರ್ಧಿಸಿ ಗೋಪುರಕ್ಕೆ ಕಳುಹಿಸುತ್ತದೆ. ಇದರಿಂದ ಒಂದು ಮನೆಗೆ ಅನುಕೂಲವಾದರೂ ಸುತ್ತಲಿನವರ ಕರೆಗಳು ಕಡಿತಗೊಳ್ಳುತ್ತವೆ. ತುರ್ತು ಸಂಖ್ಯೆ 112ಕ್ಕೆ ಮಾಡುವ ಕರೆಗೂ ಅಡ್ಡಿಯಾಗಬಹುದು.

ಅರ್ಜಿದಾರರ ಗಮನಕ್ಕೆ

ಅ) ಸಂಕೇತ ದುರ್ಬಲವಾಗಿದ್ದಲ್ಲಿ ಸಂಬಂಧಪಟ್ಟ ಸೇವಾ ಸಂಸ್ಥೆಗೆ ದೂರು ಸಲ್ಲಿಸತಕ್ಕದ್ದು. ಅನುಮತಿಯಿಲ್ಲದೆ ಬೂಸ್ಟರ್ ಅಳವಡಿಸುವುದು ಕಾನೂನುಬಾಹಿರ.

ಆ) ಹವ್ಯಾಸಿ ರೇಡಿಯೋ ಕೇಂದ್ರ ಹಾಗೂ ಪರವಾನಗಿ ಅಗತ್ಯವಿರುವ ವಾಕಿಟಾಕಿ ಜಾಲಗಳಿಗಾಗಿ ದೂರಸಂಪರ್ಕ ಇಲಾಖೆಯ ‘ಸರಳ ಸಂಚಾರ್’ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ.

ಇ) ಮಂಜೂರಾದ ಆವರ್ತನ ಹಾಗೂ ಪ್ರಸಾರ ಶಕ್ತಿಯನ್ನು ಪೂರ್ವಾನುಮತಿಯಿಲ್ಲದೆ ಬದಲಾಯಿಸತಕ್ಕದ್ದಲ್ಲ.

ತರಂಗಾಂತರವು ಎಲ್ಲರಿಗೂ ಸೇರಿದ ಸೀಮಿತ ಸಂಪನ್ಮೂಲವಾಗಿದ್ದು, ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.