ಯುದ್ಧಚಿತ್ರವೂ ವೀರಗಲ್ಲೂ

ಮೈಸೂರಿನಿಂದ ದಕ್ಷಿಣಕ್ಕೆ ಹೊರಟು, ಕಪಿಲಾ ನದಿಯನ್ನು ದಾಟಿ, ನಂಜನಗೂಡನ್ನು ಬಿಟ್ಟು ಮುಂದಕ್ಕೆ ಹೋಗುವವರಿಗೆ ಎರಡು ದಾರಿಗಳುಂಟು. ಒಂದು ಚಾಮರಾಜನಗರಕ್ಕೆ ಹೋಗುವುದು; ಇನ್ನೊಂದು ಬೇಗೂರಿನ ಮೇಲೆ ಗುಂಡ್ಲುಪೇಟೆಗೆ ಹೋಗುವುದು. ಇವೆರಡೂ ಹಿಂದಿನ ಕಾಲದಲ್ಲಿ ದಂಡು ನಡೆದ ಸೀಮೆಗಳು. ಗುಂಡ್ಲುಪೇಟೆಯ ಆಚೆ ವಯನಾಡು, ನೀಲಗಿರಿ. ಚಾಮರಾಜನಗರದ ಆಚೆ ಗಜಲಹಟ್ಟಿಯ ಕಣಿವೆ, ಅದನ್ನಿಳಿದರೆ ಕೊಯಮತ್ತೂರಿನ ಬಯಲು. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಉಮ್ಮತ್ತೂರಿನ ಪಾಳೆಯಗಾರರು, ಮೈಸೂರಿನ ಒಡೆಯರು ಇವರೆಲ್ಲರೂ ಈ ನೆಲಕ್ಕಾಗಿ ಕಾದಿದವರೇ. ಅರಸರ ಹೆಸರುಗಳು ಚರಿತ್ರೆಯ ಪುಸ್ತಕಗಳಲ್ಲಿ ಉಳಿದಿವೆ. ಆದರೆ ಅವರ ಹಿಂದೆ ನಡೆದುಹೋದ ಸಾಮಾನ್ಯ ಬಂಟನು ಹೇಗಿದ್ದನು? ಅವನನ್ನು ಇದ್ದುದು ಇದ್ದಂತೆ ತೋರಿಸಿದ ಕಲಾವಿದರು ನಮ್ಮಲ್ಲಿ ಉಂಟೆ? ಈ ಪ್ರಶ್ನೆಯನ್ನು ಇಂದು ಶ್ರೋತೃಗಳ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ಉತ್ತರವನ್ನು ಅರಸುವವರು ಮೊದಲು ಶ್ರೀರಂಗಪಟ್ಟಣಕ್ಕೆ ಹೋಗುವುದು ಸಹಜವಾದುದು. ಅಲ್ಲಿಯ ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದನು. ಅದರ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧವು ಬಣ್ಣಗಳಲ್ಲಿ ಚಿತ್ರಿತವಾಗಿದೆ. ಈ ಯುದ್ಧವು ಕಾಂಚೀಪುರದ ಬಳಿ 1780ನೆಯ ಸೆಪ್ಟೆಂಬರ್ 10ರಂದು ನಡೆಯಿತು. ಹೈದರಾಲಿ ಮತ್ತು ಟಿಪ್ಪುವಿನ ಪಡೆಗಳು ಕಂಪೆನಿಯ ಕರ್ನಲ್ ಬೈಲಿಯ ದಂಡನ್ನು ಸುತ್ತುಗಟ್ಟಿ ಪೂರ್ತಿಯಾಗಿ ಮುರಿದವು. ಕೆಲವೇ ಮೈಲಿಗಳ ದೂರದಲ್ಲಿದ್ದ ಮನ್ರೋ ಸೇನಾಪತಿಯ ಸಹಾಯವು ಬೈಲಿಗೆ ಒದಗಲಿಲ್ಲ. ಸೆರೆಸಿಕ್ಕ ಬೈಲಿಯು 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ತೀರಿಕೊಂಡನು.

ಚಿತ್ರದ ಮುಂದೆ ನಿಂತವರಿಗೆ ಮೊದಲು ಕಾಣುವುದು ವಿವರಗಳ ಸಮೃದ್ಧಿ. ಕೆಂಪು ಅಂಗಿಯ ಕಂಪೆನಿಯ ಸಿಪಾಯಿಗಳು ಚೌಕವಾಗಿ ನಿಂತು ತುಬಾಕಿಗಳನ್ನು ಹಿಡಿದಿದ್ದಾರೆ. ಮೈಸೂರಿನ ರಾವುತರು ಎರಡು ಕಡೆಗಳಿಂದಲೂ ನುಗ್ಗುತ್ತಿದ್ದಾರೆ. ನಡುವೆ ಮದ್ದಿನ ಬಂಡಿಯೊಂದು ಸಿಡಿಯುತ್ತಿದೆ. ಬೈಲಿಯ ಸೋಲಿಗೆ ಈ ಸಿಡಿತವು ಒಂದು ಮುಖ್ಯ ಕಾರಣವೆಂದು ಚರಿತ್ರಕಾರರೂ ಒಪ್ಪಿದ್ದಾರೆ. ಬೈಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಫ್ರೆಂಚರ ಸರದಾರ ಲಾಲಿಯು ದುರ್ಬೀನಿನಿಂದ ರಣರಂಗವನ್ನು ನೋಡುತ್ತಿದ್ದಾನೆ. ಅಂಗಿಯ ಬಣ್ಣ, ಟೋಪಿಯ ಆಕಾರ, ಪಿರಂಗಿಯ ಗಾಲಿ, ಕುದುರೆಯ ಜೀನು, ಇವುಗಳನ್ನು ಚಿತ್ರಕಾರನು ಕಣ್ಣಾರೆ ಕಂಡವನಂತೆ ಬರೆದಿದ್ದಾನೆ. ಆ ಕಾಲದ ಸೈನಿಕನ ಉಡುಪನ್ನೂ ಆಯುಧವನ್ನೂ ಅರಿಯಬೇಕೆಂಬವರಿಗೆ ಈ ಗೋಡೆಯು ಒಂದು ಗ್ರಂಥಕ್ಕೆ ಸಮಾನವೆಂದು ಹೇಳಬಹುದು.

ಆದರೆ ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿದರೆ ಬೇರೊಂದು ಸಂಗತಿಯು ಗೋಚರಿಸುತ್ತದೆ. ಬೈಲಿಗೆ ಮುಖವಿದೆ, ಲಾಲಿಗೆ ಮುಖವಿದೆ. ಹೈದರನಿಗೂ ಟಿಪ್ಪುವಿಗೂ ಗಾಂಭೀರ್ಯವಿದೆ. ಸಿಪಾಯಿಗಳಿಗಾದರೋ ಇರುವುದು ಒಂದೇ ಮುಖ. ಕಂಪೆನಿಯವರಿಗೆ ಮೀಸೆಯಿಲ್ಲದ ಒಂದು ಮುಖ, ಮೈಸೂರಿನವರಿಗೆ ಮೀಸೆಯುಳ್ಳ ಇನ್ನೊಂದು ಮುಖ. ಸಾಲುಸಾಲಾಗಿ ಅಚ್ಚು ಒತ್ತಿದಂತೆ. ಬೈಲಿಯ ದಂಡಿನಲ್ಲಿದ್ದವರು ಬಹುಪಾಲು ಈ ದೇಶದ ಸಿಪಾಯಿಗಳೇ ಎಂಬುದನ್ನು ನೆನೆದರೆ, ಆ ಒಂದೇ ಮುಖದ ಹಿಂದೆ ಎಷ್ಟು ಮುಖಗಳು ಮರೆಯಾಗಿವೆ ಎಂಬುದು ತಿಳಿದೀತು. ಚಿತ್ರವು ಗೆದ್ದವರಿಗಾಗಿ ಬರೆದುದು. ಅದು ಯಾರು ಗೆದ್ದರೆಂಬುದನ್ನು ಹೇಳುತ್ತದೆ. ಯಾರು ಸತ್ತರೆಂಬುದನ್ನು ಹೇಳುವುದಿಲ್ಲ.

ಇದು ನಮ್ಮ ಚಿತ್ರಕಾರನೊಬ್ಬನ ದೋಷವೆಂದು ಯಾರೂ ತಿಳಿಯಬಾರದು. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತಷ್ಟೆ. ಮರುವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ಕರ್ ಪೋರ್ಟರ್ ಎಂಬ ಯುವಕ ಚಿತ್ರಕಾರನು ಆ ಮುತ್ತಿಗೆಯನ್ನು ನೂರು ಅಡಿಗೂ ಮಿಗಿಲಾದ ಪಟದ ಮೇಲೆ ಬರೆದು ಪ್ರದರ್ಶಿಸಿದನು. ಜನರು ಗುಂಪುಗುಂಪಾಗಿ ಬಂದು ನೋಡಿ ಬೆರಗಾದರು. ಅವನು ಆಗ ನಮ್ಮ ದೇಶವನ್ನು ಕಂಡವನೇ ಅಲ್ಲ. ಅಲ್ಲಿಯೂ ಸರದಾರರಿಗೆ ಮುಖವುಂಟು, ಸಿಪಾಯಿಗಳಿಗೆ ಸಮವಸ್ತ್ರವುಂಟು. ಗೆದ್ದವರು ಬದಲಾದರು, ಚಿತ್ರದ ಕ್ರಮವು ಬದಲಾಗಲಿಲ್ಲ.

ಈಗ ಚಾಮರಾಜನಗರದ ಸೀಮೆಗೆ ಹಿಂದಿರುಗೋಣ. ದರಿಯಾ ದೌಲತ್ತಿನ ಗೋಡೆಗೆ ಬಣ್ಣ ಬಿದ್ದ ಆರು ವರ್ಷಗಳ ಮೇಲೆ, 1790ನೆಯ ಸೆಪ್ಟೆಂಬರಿನಲ್ಲಿ, ಟಿಪ್ಪುವಿನ ದಂಡು ಗಜಲಹಟ್ಟಿಯ ಕಣಿವೆಯನ್ನಿಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯ ಮೇಲೆ ಬಿದ್ದಿತು. ಘೋರವಾದ ಕಾಳಗವಾಗಿ ಫ್ಲಾಯ್ಡನು ಕೊಯಮತ್ತೂರಿನ ಕಡೆಗೆ ಹಿಮ್ಮೆಟ್ಟಿದನು. ದರಿಯಾ ದೌಲತ್ತಿನ ಗೋಡೆಯಲ್ಲಿ ಈ ಕಾಳಗಕ್ಕೆ ಸ್ಥಳವು ದೊರೆಯಲಿಲ್ಲ. ಆ ಕಣಿವೆಯಲ್ಲಿ ನಡೆದವರ ಕಾಲ್ದಾರಿಯು ಮಾತ್ರ ಕಾಡಿನೊಳಗೆ ಉಳಿಯಿತು.

ಆದರೆ ಅದಕ್ಕೂ ಬಹು ಶತಮಾನಗಳ ಹಿಂದೆ, ಅರಮನೆಯ ಗೋಡೆಯಾಗಲಿ ರಾಜಾಶ್ರಯವಾಗಲಿ ಇಲ್ಲದೆ, ಇದೇ ನಾಡಿನ ಊರಿನವರು ತಮ್ಮ ಬಂಟರನ್ನು ಚಿತ್ರಿಸುವ ಬೇರೊಂದು ಬಗೆಯನ್ನು ಕಂಡುಕೊಂಡಿದ್ದರು. ಅದೇ ವೀರಗಲ್ಲು. ಕನ್ನಡನಾಡಿನ ಉದ್ದಗಲಕ್ಕೂ ಇರುವ ಈ ಕಲ್ಲುಗಳು ಚಾಮರಾಜನಗರ, ಗುಂಡ್ಲುಪೇಟೆಗಳ ಹಳ್ಳಿಗಳಲ್ಲಿಯೂ ಇವೆ. ಇವುಗಳ ಸಾಮಾನ್ಯ ರೂಪವು ಮೂರು ಅಂತಸ್ತಿನದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ತುರುಬು ಕಟ್ಟಿದ ವೀರನು ಬಿಲ್ಲನ್ನೋ ಕತ್ತಿಗುರಾಣಿಗಳನ್ನೋ ಹಿಡಿದು ಮುನ್ನುಗ್ಗುತ್ತಾನೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೊಯ್ಯುತ್ತಾರೆ. ಮೇಲಿನದರಲ್ಲಿ ಅವನು ದೇವಸಾನ್ನಿಧ್ಯದಲ್ಲಿರುತ್ತಾನೆ. ತುದಿಯಲ್ಲಿ ಸೂರ್ಯಚಂದ್ರರು ಸಾಕ್ಷಿ.

ಶಿಲ್ಪದಲ್ಲಿ ಸಹಜತೆಯು ಕಡಮೆ. ವೀರನು ಶತ್ರುಗಳಿಗಿಂತ ಎರಡರಷ್ಟು ದೊಡ್ಡವನಾಗಿರುವುದುಂಟು. ಅಕ್ಷರವಿರುವ ಕಲ್ಲುಗಳಲ್ಲಾದರೋ ಶ್ರೀರಂಗಪಟ್ಟಣದ ಗೋಡೆಯಲ್ಲಿ ಇಲ್ಲದ ಸಂಗತಿಯೊಂದಿದೆ: ಸತ್ತವನ ಹೆಸರು. ಅವನು ಯಾರ ಮಗ, ಯಾವ ಊರಿನವನು, ತುರುಗಳನ್ನು ಕದ್ದೊಯ್ಯುವವರನ್ನು ತಡೆದು ಸತ್ತನೋ, ಊರಳಿವಿನಲ್ಲಿ ಸತ್ತನೋ, ಹೆಂಗಸರ ಮಾನವನ್ನು ಕಾಯಲು ಸತ್ತನೋ, ಕಲ್ಲನ್ನು ನಿಲ್ಲಿಸಿದವರು ಯಾರು, ಎಂಬಿಷ್ಟನ್ನು ನಾಲ್ಕೈದು ಸಾಲುಗಳಲ್ಲಿ ಹೇಳುವ ಕಲ್ಲುಗಳುಂಟು. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆಯೆಂದು ಹೆಸರು. ರಕ್ತಕ್ಕೆ ಪ್ರತಿಯಾಗಿ ನೆಲವನ್ನು ಕೊಡುವ ಈ ಪದ್ಧತಿಯಲ್ಲಿ ಊರು ತನ್ನ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡಂತಾಯಿತು.

ಸಹಜವಾದ ಚಿತ್ರಣವೂ ಹೆಸರೂ ಒಂದೇ ಕಲ್ಲಿನಲ್ಲಿ ಕೂಡಿಬಂದ ನಿದರ್ಶನವಿಲ್ಲದೆ ಇಲ್ಲ. ಅದು ಗುಂಡ್ಲುಪೇಟೆಯ ದಾರಿಯ ಬೇಗೂರಿನದಲ್ಲ, ಬೆಂಗಳೂರಿನ ಬಳಿಯ ಬೇಗೂರಿನದು. ಗಂಗರ ಕಾಲದ, ಸುಮಾರು 890ರ ಆ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎರೆಯಪ್ಪರಸನ ಅಪ್ಪಣೆಯಂತೆ ತುಂಬೆಪಾಡಿಯ ಯುದ್ಧಕ್ಕೆ ಹೋಗಿ, ಆನೆಗಳೊಡನೆ ಕಾದಿ ಮಡಿದ ನಾಗತ್ತರನ ಕಲ್ಲು ಅದು. ಕುದುರೆ, ಆನೆ, ಕಾಲಾಳು, ನೆಲಕ್ಕುರುಳಿದ ಹೆಣಗಳು, ಎಲ್ಲವೂ ಒತ್ತೊತ್ತಾಗಿ ಅದರಲ್ಲಿ ತುಂಬಿವೆ. ಯುದ್ಧದ ವೈಭವದೊಡನೆ ಅದರ ಬೆಲೆಯನ್ನೂ ಕಡೆದು ತೋರಿಸಿದ ಶಿಲ್ಪಿಯ ಧೈರ್ಯವು ಮೆಚ್ಚತಕ್ಕದ್ದು.

ಹಾಗಾದರೆ ಯುದ್ಧಚಿತ್ರದಲ್ಲಿ ಯಥಾರ್ಥವೆಂದರೇನು? ಗುಂಡಿಯನ್ನೂ ಪಟ್ಟಿಯನ್ನೂ ತಪ್ಪಿಲ್ಲದೆ ಬರೆಯುವುದು ಯಥಾರ್ಥದ ಅರ್ಧಭಾಗ. ಆ ಅಂಗಿಯೊಳಗಿದ್ದವನು ಒಬ್ಬ ಮನುಷ್ಯನು, ಅವನಿಗೊಂದು ಊರಿದ್ದಿತು, ಅವನಿಗಾಗಿ ಅತ್ತವರಿದ್ದರು ಎಂಬುದನ್ನು ಅರುಹುವುದು ಉಳಿದರ್ಧ. ಗೋಡೆಯ ಚಿತ್ರವು ಮೊದಲನೆಯದನ್ನು ಕೊಟ್ಟಿತು. ಹಳ್ಳಿಯ ಕಲ್ಲು ಎರಡನೆಯದನ್ನು ಕೊಟ್ಟಿತು. ಚರಿತ್ರೆಯನ್ನು ಅರಿಯಬೇಕೆಂಬವರಿಗೆ ಎರಡೂ ಬೇಕು.

ಆದರೆ ಇವೆರಡಕ್ಕೂ ದೊರೆತ ಆದರವು ಸಮವಾಗಿಲ್ಲ. ಪೊಳ್ಳಿಲೂರಿನ ಚಿತ್ರವು ಕೆಟ್ಟುಹೋದಾಗ 1855ರಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಅದನ್ನು ಮತ್ತೆ ಬರೆಯಿಸಿದರು. ಅದೇ ಯುದ್ಧವನ್ನು ಕಾಗದದ ಮೇಲೆ ಬರೆದ ದೊಡ್ಡ ಚಿತ್ರವೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡುಗಳಿಗೆ ಮಾರಾಟವಾಯಿತು. ವೀರಗಲ್ಲಿನ ಕಥೆಯೇ ಬೇರೆ. ರೈಸ್ ಮಹಾಶಯರು 1898ರಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದುದರಿಂದ ಅಕ್ಷರವಿದ್ದ ಕಲ್ಲುಗಳು ಗ್ರಂಥಸ್ಥವಾದವು. ಅಕ್ಷರವಿಲ್ಲದ ಕಲ್ಲುಗಳಿಗೆ ಶಾಸನಸಂಪುಟದಲ್ಲಿ ಎಡೆಯೆಲ್ಲಿ? ಅವುಗಳ ಕಥೆಯೆಲ್ಲವೂ ಶಿಲ್ಪದಲ್ಲಿಯೇ ಇದೆ. ಶಿಲ್ಪವು ಸವೆದರೆ ಕಥೆಯೂ ಮುಗಿಯಿತು. ಇಂತಹ ಕಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲಾಗಿ, ಕಾಲುವೆಯ ಸೇತುವೆಯಾಗಿ, ಮನೆಯ ಮೆಟ್ಟಿಲಾಗಿ ಹೋಗುವುದು ನಮ್ಮ ನಾಡಿನಲ್ಲಿ ಅಪರೂಪವಲ್ಲ.

1997ರಲ್ಲಿ ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ತಾನೇ ಒಂದು ಜಿಲ್ಲೆಯಾಯಿತು. ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರು ಹಿಮವದ್ಗೋಪಾಲಸ್ವಾಮಿ ಬೆಟ್ಟವನ್ನೋ ಬಂಡೀಪುರದ ಕಾಡನ್ನೋ ನೋಡಲು ಆ ದಾರಿಯಲ್ಲಿ ಹೋಗುತ್ತೇವೆ. ಹೋಗುವಾಗ ಯಾವುದಾದರೊಂದು ಊರಿನ ಮುಂದೆ ಕತ್ತಿ ಹಿಡಿದವನ ಕಲ್ಲು ಕಂಡರೆ, ಅಲ್ಲಿ ನಿಲ್ಲೋಣ. ಅದರ ಭಾವಚಿತ್ರವನ್ನು ತೆಗೆದುಕೊಳ್ಳೋಣ. ಊರಿನ ಹಿರಿಯರನ್ನು ಕೇಳೋಣ. ಕಲ್ಲು ಬಿದ್ದಿದ್ದರೆ ಅವರ ಮನವೊಲಿಸಿ ಎತ್ತಿ ನಿಲ್ಲಿಸುವ ಏರ್ಪಾಡು ಮಾಡೋಣ. ಸಾವಿರ ವರ್ಷಗಳ ಹಿಂದೆ ಬಡ ಹಳ್ಳಿಯೊಂದು ತನ್ನ ಬಂಟನನ್ನು ಮರೆಯಬಾರದೆಂದು ಹಣ ಕೂಡಿಸಿ ಒಂದು ಕಲ್ಲನ್ನು ನಿಲ್ಲಿಸಿತು. ಅದನ್ನು ಬೀಳದಂತೆ ನೋಡಿಕೊಳ್ಳುವಷ್ಟು ಕೆಲಸವಾದರೂ ನಮ್ಮ ಪಾಲಿಗೆ ಉಳಿದಿದೆ.