ರಸ್ತೆಗೆ ಹೆಸರು ಕೊಡದ ಕರ್ವೆ

ಓದಿಗೋ ಕೆಲಸಕ್ಕೋ ಪುಣೆಗೆ ಬಂದ ನಮಗೆಲ್ಲ ಕರ್ವೆ ರಸ್ತೆ ಗೊತ್ತು. ಡೆಕ್ಕನ್‌ನಿಂದ ಕೋಥ್ರೂಡ್ ಕಡೆ ಹೋಗುವ ಆ ರಸ್ತೆಗಿರುವುದು ಮಹರ್ಷಿ ಧೋಂಡೋ ಕೇಶವ ಕರ್ವೆ ಅವರ ಹೆಸರು. ವಿಧವೆಯರಿಗೆ ಓದು ಕಲಿಸಿದ ಅವರಿಗೆ 1958ರಲ್ಲಿ ಭಾರತರತ್ನ ಬಂತು. ಅವರ ಹಿರಿಯ ಮಗ ರಘುನಾಥ ಕರ್ವೆ (1882–1953) ಅವರಿಗೆ ಸಿಕ್ಕಿದ್ದು ಕೋರ್ಟಿನ ದಂಡ.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ರಘುನಾಥ ಮುಂಬೈಯ ವಿಲ್ಸನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. 1921ರಲ್ಲಿ ಮುಂಬೈಯಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆದರು. ಈ ಪ್ರಚಾರಕ್ಕೆ ಕಾಲೇಜು ಒಪ್ಪದಿದ್ದಾಗ ಕೆಲಸವನ್ನೇ ಬಿಟ್ಟರು. 1927ರ ಜುಲೈನಲ್ಲಿ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ಶುರುಮಾಡಿ ಸಾಯುವವರೆಗೂ ನಡೆಸಿದರು. ಮನೆಯಲ್ಲಿ ಕೇಳಲಾಗದ ಪ್ರಶ್ನೆಗಳನ್ನು ಓದುಗರು ಅದಕ್ಕೆ ಬರೆಯುತ್ತಿದ್ದರು. ಹಸ್ತಮೈಥುನದಂಥ ವಿಷಯಗಳಿಗೆ ನೇರ ಉತ್ತರ ಕೊಟ್ಟದ್ದಕ್ಕೆ 1934ರಲ್ಲಿ ಅಶ್ಲೀಲತೆಯ ಮೊಕದ್ದಮೆ ಬಿತ್ತು. ಅವರ ಪರ ವಾದಿಸಿದವರು ಡಾ. ಅಂಬೇಡ್ಕರ್. ಆದರೂ ಇನ್ನೂರು ರೂಪಾಯಿ ದಂಡ ತಪ್ಪಲಿಲ್ಲ.

ಇತ್ತ ಮೈಸೂರು ಸಂಸ್ಥಾನದಲ್ಲಿ 1930ರಲ್ಲೇ ಸರ್ಕಾರ ಸಂತಾನ ನಿಯಂತ್ರಣ ಕೇಂದ್ರ ತೆರೆದಿತ್ತು. ಒಂದು ಕಡೆ ಸರ್ಕಾರಿ ಸೇವೆ, ಇನ್ನೊಂದು ಕಡೆ ಅಪರಾಧ!

ಗಂಡಸರ ದೇಹದ ಬಗ್ಗೆ ಇದ್ದ ಹೆದರಿಕೆ ಮಾತ್ರ ಎರಡೂ ಕಡೆ ಒಂದೇ. ವೀರ್ಯದ ಒಂದು ಹನಿ ಹೋದರೆ ರಕ್ತದ ಎಷ್ಟೋ ಹನಿ ಹೋದಂತೆ, ‘ಧಾತು’ ನಷ್ಟವಾದರೆ ಶಕ್ತಿಯೇ ಹೋದಂತೆ ಎಂಬ ನಂಬಿಕೆ ಇಂದಿಗೂ ಗೋಡೆ ಜಾಹೀರಾತುಗಳಿಗೆ ಬಂಡವಾಳ. ನಿಜ ಸಂಗತಿ ಸರಳ. ವೃಷಣಗಳಲ್ಲಿ ವೀರ್ಯಾಣುಗಳು ಹರೆಯದಿಂದ ಮುಪ್ಪಿನವರೆಗೆ ಹುಟ್ಟುತ್ತಲೇ ಇರುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಅದಕ್ಕೆ ಮೈಯ ಬಿಸಿಗಿಂತ ಸ್ವಲ್ಪ ತಂಪು ಬೇಕಾದ್ದರಿಂದಲೇ ವೃಷಣಗಳು ಹೊರಗಿರುವುದು. ವೀರ್ಯದ ಬಹುಪಾಲು ಪ್ರಾಸ್ಟೇಟ್ ಮತ್ತಿತರ ಗ್ರಂಥಿಗಳ ದ್ರವ. ವೀರ್ಯಾಣುಗಳ ಪಾಲು ತೀರಾ ಕಡಿಮೆ.

ಇಷ್ಟು ತಿಳಿದರೆ ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಅರ್ಥವಾಗುತ್ತದೆ. ಅದರಲ್ಲಿ ವೀರ್ಯಾಣು ಸಾಗುವ ನಾಳವನ್ನಷ್ಟೇ ಮುಚ್ಚುತ್ತಾರೆ. ಹಾರ್ಮೋನು ನೇರವಾಗಿ ರಕ್ತಕ್ಕೆ ಸೇರುವುದರಿಂದ ಗಂಡಸುತನಕ್ಕೆ ಏನೂ ಆಗುವುದಿಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ: ಮದುವೆಯಾದ ಹೆಂಗಸರಲ್ಲಿ ಸುಮಾರು ಶೇ. 38ರಷ್ಟು ಮಂದಿ ತಾವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡವರು ಶೇ. 0.3. ಗಂಡಸರ ಹೆದರಿಕೆಗೆ ಹೊಟ್ಟೆ ಕೊಯ್ಸಿಕೊಳ್ಳುತ್ತಿರುವವರು ಹೆಂಗಸರು.

2007ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು. ಹಾಗಾಗಿ ನಮ್ಮಲ್ಲಿ ಅನೇಕರು ಈ ಪಾಠವನ್ನು ಕಲಿತದ್ದು ಹಾಸ್ಟೆಲಿನಲ್ಲಿ, ಗೆಳೆಯರ ಪಿಸುಮಾತಿನಲ್ಲಿ. ನಮ್ಮ ಮಕ್ಕಳಿಗಾದರೂ ಇದನ್ನು ಮನೆಯಲ್ಲಿ, ಸರಿಯಾದ ಹೆಸರು ಹಿಡಿದು ಹೇಳಬಹುದು. ಈಗ ಅದಕ್ಕೆ ಯಾರೂ ದಂಡ ಹಾಕುವುದಿಲ್ಲ.